ಕೆಸರಿನ ಮೇಲೆ ಮೂರು ಗೋಪುರ

ಭಾರತ ಮತ್ತು ಚೀನಾ ನಡುವೆ 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಗಳು 2025ರ ಕೊನೆಯಲ್ಲಿ ಮತ್ತೆ ಹಾರತೊಡಗಿದ ಮೇಲೆ, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುತ್ತಿಲ್ಲ. ಶಾಂಘೈಗೆ ಹೊರಟಿದ್ದೇವೆ, ಕೈಯಲ್ಲಿರುವುದು ಒಂದೇ ಸಂಜೆ, ಅಲ್ಲಿನ ಯಾವ ಗಗನಚುಂಬಿ ಹತ್ತಬೇಕು? ಕೆಲವರು ಉತ್ತರವನ್ನೂ ತಾವೇ ಬರೆದು ಕಳಿಸುತ್ತಾರೆ: ಅತಿ ಎತ್ತರದ್ದು ತಾನೇ? ಬೆಂಗಳೂರಿಗೆ 250 ಮೀಟರಿನ ಸ್ಕೈಡೆಕ್ ಎಂಬ ವೀಕ್ಷಣಾ ಗೋಪುರ ಬರುತ್ತದೆಂಬ ಮಾತು ಎದ್ದಮೇಲೆ ಇದಕ್ಕೊಂದು ಬಾಲವೂ ಸೇರಿದೆ: ನಮ್ಮದು ಅದರ ಅರ್ಧವಾದರೂ ಆಗುತ್ತದೆಯೇ? ಆಗುವುದಿಲ್ಲ. ಅಲ್ಲಿನ ಅತಿ ಎತ್ತರದ ಶಾಂಘೈ ಟವರಿನಲ್ಲಿ ಜನ ನಿಂತು ನೋಡುವ ಜಾಗವೇ 546 ಮೀಟರ್ ಮೇಲಿದೆ. ಆದರೆ ಮೊದಲ ಪ್ರಶ್ನೆಗೆ ನನ್ನ ಉತ್ತರ ಬೇರೆ. ಅತಿ ಎತ್ತರದ್ದನ್ನು ಹತ್ತಬೇಡಿ, ಅದನ್ನು ಬುಡದಿಂದ ಮತ್ತು ಪಕ್ಕದಿಂದ ನೋಡಿ. ಹತ್ತಲೇಬೇಕಿದ್ದರೆ ಅಲ್ಲಿರುವ ಮೂರು ಗೋಪುರಗಳಲ್ಲಿ ಗಿಡ್ಡನನ್ನು ಹತ್ತಿ. ಇದರಿಂದ ದುಡ್ಡೂ ಉಳಿಯುತ್ತದೆ, ಆದರೆ ನಾನು ಹೇಳುತ್ತಿರುವುದು ಅದಕ್ಕಲ್ಲ.

ಮೊದಲು ಜಾಗದ ಪರಿಚಯ. ಹುವಾಂಗ್‌ಪು ನದಿ ಶಾಂಘೈ ನಗರವನ್ನು ಎರಡಾಗಿ ಸೀಳುತ್ತದೆ. ಪಶ್ಚಿಮದ ದಂಡೆ ಬಂಡ್: ಕಲ್ಲಿನ ಕಂಬಗಳು, ಗಡಿಯಾರ ಗೋಪುರ, ನೂರು ವರ್ಷದ ಬ್ಯಾಂಕು ಕಟ್ಟಡಗಳು. ಪೂರ್ವದ ದಂಡೆ ಪುಡಾಂಗ್. ಅಲ್ಲಿ ನದಿ ಬಾಗುವ ಮೂಲೆಯಲ್ಲಿರುವುದು ಲುಜಿಯಾಜುಯಿ ಎಂಬ ಹಣಕಾಸು ವಲಯ. 1990ರ ಏಪ್ರಿಲಿನಲ್ಲಿ ಚೀನಾ ಸರ್ಕಾರ ಪುಡಾಂಗ್ ಅಭಿವೃದ್ಧಿಯನ್ನು ಘೋಷಿಸುವ ತನಕ ಇಲ್ಲಿದ್ದದ್ದು ಗೋದಾಮು, ಹಡಗು ರಿಪೇರಿ ಅಂಗಳ, ತಗ್ಗು ಮನೆಗಳು, ಅವುಗಳ ಹಿಂದೆ ತರಕಾರಿ ಹೊಲ. ಪುಡಾಂಗಿನಲ್ಲಿ ಇಡೀ ಮನೆ ಸಿಗುವುದಕ್ಕಿಂತ ನದಿಯಾಚೆ ಒಂದು ಮಂಚದಷ್ಟು ಜಾಗ ಸಿಕ್ಕರೆ ಮೇಲು ಎಂದು ಶಾಂಘೈ ಜನ ಗಾದೆಯಂತೆ ಆಡಿಕೊಳ್ಳುತ್ತಿದ್ದರು. ಇಂದು ಆ ಮಾತನ್ನು ಹೇಳಿ ಅಲ್ಲಿನವರೇ ನಗುತ್ತಾರೆ. ಪುಡಾಂಗಿನಲ್ಲಿ ಒಂದು ಫ್ಲಾಟ್ ಕೊಳ್ಳಲು ತಲೆಕೆಡಿಸಿಕೊಂಡವರು ನಗುವುದಿಲ್ಲ.

ಬಂಡ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನ್ಯಾಯವಲ್ಲ, ಏಕೆಂದರೆ ಅದರಲ್ಲಿ ನಮ್ಮ ಕಡೆಯ ಪಾಲಿದೆ. ಹಸಿರು ತಾಮ್ರದ ಪಿರಮಿಡ್ ಚಾವಣಿ ಹೊತ್ತ ಪೀಸ್ ಹೋಟೆಲನ್ನು 1929ರಲ್ಲಿ ಕಟ್ಟಿಸಿದವರು ವಿಕ್ಟರ್ ಸಸೂನ್. ಮುಂಬೈ ಕೊಲಾಬಾದ ಸಸೂನ್ ಡಾಕ್ ನೋಡಿದವರಿಗೆ ಹೆಸರು ಹೊಸದಲ್ಲ. ಬಾಗ್ದಾದಿನಿಂದ ಮುಂಬೈಗೆ ಬಂದು ನೆಲೆಸಿದ ಆ ಮನೆತನ ಹತ್ತಿ, ನೂಲು ಮತ್ತು ಅಫೀಮಿನಲ್ಲಿ ದುಡ್ಡು ಮಾಡಿತು. ಮಾಳವದಲ್ಲಿ, ಗಂಗೆಯ ಬಯಲಲ್ಲಿ ನಮ್ಮ ರೈತರು ಬೆಳೆದ ಅಫೀಮು ಹಡಗೇರಿ ಚೀನಾಕ್ಕೆ ಹೋಯಿತು, ಅದರ ಲಾಭದ ಒಂದು ಭಾಗ ಈ ದಂಡೆಯ ಮೇಲೆ ಕಲ್ಲಾಗಿ ನಿಂತಿತು. ಆಚೆ ದಂಡೆಯಲ್ಲಿ ಮುಗಿಲಿಗೆ ಕಟ್ಟುವಾಗ ಚೀನಾದವರ ಮನಸ್ಸಿನಲ್ಲಿ ಈ ಎದುರು ಸಾಲು ಇದ್ದೇ ಇತ್ತು. ಪುಡಾಂಗಿನ ಕಟ್ಟಡಗಳ ಮುಖ ನದಿಯ ಕಡೆಗಿರುವುದು ಸುಮ್ಮನೆ ಅಲ್ಲ.

1992ರಲ್ಲಿ ಶಾಂಘೈ ಆಡಳಿತ ಹೊರದೇಶದ ವಾಸ್ತುಶಿಲ್ಪಿಗಳನ್ನು ಕರೆದು ಲುಜಿಯಾಜುಯಿಗೆ ನಕ್ಷೆ ಹಾಕಿಸಿತು. ಇಂಗ್ಲೆಂಡಿನ ರಿಚರ್ಡ್ ರಾಜರ್ಸ್, ಜಪಾನಿನ ಟೊಯೊ ಇಟೊ, ಫ್ರಾನ್ಸಿನ ಡೊಮಿನಿಕ್ ಪೆರೋ ಮುಂತಾದವರು ತಂತಮ್ಮ ಕನಸು ಬಿಡಿಸಿ ಕೊಟ್ಟರು. ರಾಜರ್ಸ್ ಕೊಟ್ಟದ್ದು ಉದ್ಯಾನದ ಸುತ್ತ ವೃತ್ತಾಕಾರದ ಊರು, ಕಾರಿಗಿಂತ ಕಾಲ್ನಡಿಗೆಗೆ ಹೆಚ್ಚು ಬೆಲೆ. ಕೊನೆಗೆ ಯಾವುದನ್ನೂ ಇಡಿಯಾಗಿ ಒಪ್ಪದೆ ಎಲ್ಲದರಿಂದ ಚೂರುಚೂರು ತೆಗೆದುಕೊಂಡರು. ನಡುವೆ ದೊಡ್ಡ ಹುಲ್ಲುಗಾವಲು, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡಂತೆ ಮೂರು ಅತಿ ಎತ್ತರದ ಗೋಪುರಗಳು: ಇಷ್ಟು ಮಾತ್ರ ಗಟ್ಟಿಯಾಯಿತು. ಆ ಮೂರು ಮುಗಿಯಲು ಎರಡು ದಶಕ ಬೇಕಾಯಿತು. ನದಿಯಂಚಿನ ಓರಿಯೆಂಟಲ್ ಪರ್ಲ್ ಅವುಗಳ ಲೆಕ್ಕದಲ್ಲಿಲ್ಲ. ಗುಲಾಬಿ ಗೋಳಗಳನ್ನು ಪೋಣಿಸಿದಂತಿರುವ, 468 ಮೀಟರಿನ ಆ ಟಿವಿ ಗೋಪುರ 1994ರಲ್ಲೇ ಎದ್ದಿತು. ಮಕ್ಕಳು ಜೊತೆಗಿದ್ದರೆ ಅವರು ಕೇಳುವುದು ಅದನ್ನೇ. ನನಗೆ ಅದು ದೂರದಿಂದ ಚೆಂದ, ಅಷ್ಟೇ.

ಇನ್ನು ನೆಲದ ವಿಷಯ. ಲುಜಿಯಾಜುಯಿಯಲ್ಲಿ ನಿಜವಾಗಿ ಬೆರಗಾಗಬೇಕಾದದ್ದು ನೆಲದಡಿಯಲ್ಲಿದೆ ಎಂದರೆ ಪ್ರವಾಸಿಗಳು ನಂಬುವುದಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದು ಬೆಳೆದ ಬೆಂಗಳೂರಿನವರಿಗಂತೂ ನೆಲವೆಂದರೆ ಒಂದಿಷ್ಟು ಅಗೆದ ಕೂಡಲೇ ಸಿಗುವ ಕಲ್ಲು. ಶಾಂಘೈ ಹಾಗಲ್ಲ. ಅದು ಕೂತಿರುವುದು ಯಾಂಗ್ಟ್ಸಿ ನದಿ ಸಾವಿರಾರು ವರ್ಷ ಹೊತ್ತು ತಂದು ಸುರಿದ ಜೇಡಿ, ಹೂಳು, ಮರಳಿನ ಮೇಲೆ. ಗಟ್ಟಿ ಬಂಡೆ ಸಿಗಲು ಸುಮಾರು 300 ಮೀಟರ್ ಕೆಳಗಿಳಿಯಬೇಕು. ಹೀಗಿರುವಾಗ 632 ಮೀಟರಿನ ಶಾಂಘೈ ಟವರಿನ ಅಡಿಪಾಯವನ್ನು ಬಂಡೆಗೆ ಮುಟ್ಟಿಸುವ ಮಾತೇ ಇಲ್ಲ. ಮಾಡಿದ್ದೇನೆಂದರೆ, ಸುಮಾರು ಒಂದು ಮೀಟರ್ ದಪ್ಪದ ನೂರಾರು ಕಾಂಕ್ರೀಟ್ ಪೈಲ್‌ಗಳನ್ನು 80 ಮೀಟರಿಗೂ ಕೆಳಗೆ ಇಳಿಸಿ ಮಣ್ಣಿನಲ್ಲೇ ನಿಲ್ಲಿಸಿದರು. ನಾಟಿ ಗದ್ದೆಯ ಕೆಸರಿನಲ್ಲಿ ಆಳವಾಗಿ ಹೂತ ಗೂಟವನ್ನು ಕೀಳಲು ಹೋದವರಿಗೆ ಇದರ ಗುಟ್ಟು ತಕ್ಷಣ ತಿಳಿಯುತ್ತದೆ: ಗೂಟ ಕೆಳಗೆ ಯಾವುದಕ್ಕೂ ತಗುಲಿರುವುದಿಲ್ಲ, ಆದರೂ ಸುತ್ತಲ ಕೆಸರು ಮೈಯುದ್ದಕ್ಕೂ ಹಿಡಿದು ಬಿಡುವುದಿಲ್ಲ. ಗೋಪುರದ ಭಾರವನ್ನು ಹೊತ್ತಿರುವುದು ಮುಖ್ಯವಾಗಿ ಆ ಹಿಡಿತ, ಅಂದರೆ ಮಣ್ಣಿನ ಘರ್ಷಣೆ.

ಪೈಲ್‌ಗಳ ತಲೆಯ ಮೇಲೆ ಆರು ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಆರು ಮೀಟರ್ ಎಂದರೆ ಎರಡು ಅಂತಸ್ತಿನ ಮನೆಯ ಎತ್ತರ, ಪೂರ್ತಿ ಕಾಂಕ್ರೀಟ್. 2010ರ ಮಾರ್ಚಿನಲ್ಲಿ ಈ ಹಾಸಿಗೆಂದು ಸುಮಾರು 61,000 ಘನ ಮೀಟರ್ ಕಾಂಕ್ರೀಟನ್ನು ಹಗಲೂ ರಾತ್ರಿ ನಿಲ್ಲಿಸದೆ ಸುರಿದರು. ನಡುವೆ ಕೆಲಸ ನಿಲ್ಲಿಸಿದರೆ ಮೊದಲು ಸುರಿದದ್ದು ಗಟ್ಟಿಯಾಗಿ, ಆಮೇಲೆ ಸುರಿದದ್ದು ಅದರೊಂದಿಗೆ ಬೆಸೆಯದೆ ಉಳಿಯುತ್ತದೆ. ಮನೆಗೆ ಮೋಲ್ಡ್ ಹಾಕಿಸುವ ದಿನ ಮೇಸ್ತ್ರಿ ಊಟಕ್ಕೂ ಕೂರದೆ ಓಡಾಡುವುದು ಇದೇ ಭಯಕ್ಕೆ.

ಈ ಮೆತ್ತನೆಯ ನೆಲಕ್ಕೊಂದು ಹಳೆಯ ಕಥೆಯೂ ಇದೆ. 1920ರ ದಶಕದಿಂದ 60ರ ದಶಕದವರೆಗೆ ಶಾಂಘೈ ನಗರದ ನಡುಭಾಗ ಸರಾಸರಿ ಒಂದೂವರೆ ಮೀಟರಿಗೂ ಹೆಚ್ಚು ಕುಸಿಯಿತು. ಕಟ್ಟಡದ ಭಾರದಿಂದಲ್ಲ. ಬಟ್ಟೆ ಗಿರಣಿಗಳು ಬಾವಿ ಕೊರೆದು ಅಂತರ್ಜಲ ಎಳೆದೆಳೆದು ಬಳಸಿದ್ದರಿಂದ, ನೀರು ಹೋದ ಜಾಗದಲ್ಲಿ ಮಣ್ಣು ಒತ್ತಿಕೊಂಡಿತು. 60ರ ದಶಕದಲ್ಲಿ ಎಚ್ಚೆತ್ತ ನಗರ ನೀರೆತ್ತುವುದಕ್ಕೆ ಕಡಿವಾಣ ಹಾಕಿ, ಅದೇ ಬಾವಿಗಳ ಮೂಲಕ ನೀರನ್ನು ಮರಳಿ ಭೂಮಿಗೆ ತುಂಬಲು ಶುರುಮಾಡಿತು. ಕುಸಿತ ಪೂರ್ತಿ ನಿಲ್ಲದಿದ್ದರೂ ಹತೋಟಿಗೆ ಬಂತು. ಬೋರ್‌ವೆಲ್ ಲೆಕ್ಕವನ್ನೇ ಇಡದ ನಮ್ಮ ಊರುಗಳಿಗೆ ಶಾಂಘೈಯಿಂದ ಕಲಿಯುವುದು ಏನಾದರೂ ಇದ್ದರೆ, ನನ್ನ ಮಟ್ಟಿಗೆ, ಗೋಪುರ ಕಟ್ಟುವುದಕ್ಕಿಂತ ಮೊದಲು ಇದು.

ಈಗ ಮೂವರಲ್ಲಿ ಗಿಡ್ಡ, ಹಿರಿಯನೂ ಆದ ಜಿನ್‌ಮಾವೋ ಟವರಿನ ಬುಡಕ್ಕೆ ಬರೋಣ. ಎತ್ತರ 420.5 ಮೀಟರ್, ಅಂತಸ್ತು 88, ಮುಗಿದದ್ದು 1999. ಅಮೆರಿಕದ ಎಸ್‌ಒಎಂ ಸಂಸ್ಥೆಯಲ್ಲಿ ಇದನ್ನು ವಿನ್ಯಾಸ ಮಾಡಿದ ಏಡ್ರಿಯನ್ ಸ್ಮಿತ್ ಆಮೇಲೆ ದುಬೈಯ ಬುರ್ಜ್ ಖಲೀಫಾ ಬಿಡಿಸಿದವರು. ಚೀನಾದಲ್ಲಿ ಎಂಟು ಶುಭಸಂಖ್ಯೆ, ಹಾಗಾಗಿ ಇಡೀ ಕಟ್ಟಡ ಎಂಟರ ಮಗ್ಗಿ. ನಡುವಿನ ಕಾಂಕ್ರೀಟ್ ತಿರುಳಿಗೆ ಎಂಟು ಮೂಲೆ, ಸುತ್ತ ಎಂಟು ಭಾರೀ ಕಂಬ. ತಳದ ಮೊದಲ ಹಂತ 16 ಅಂತಸ್ತು, ಅದರ ಎಂಟನೆಯ ಒಂದು ಪಾಲು ಕಳೆದು ಮುಂದಿನದು 14, ಹೀಗೆ ಮೇಲೆ ಹೋದಂತೆ ಹಂತಗಳು ಗಿಡ್ಡವಾಗುತ್ತ, ಕಿರಿದಾಗುತ್ತ ಹಳೆಯ ಪಗೋಡದ ನೆನಪು ತರುತ್ತವೆ. ಕಾಂಕ್ರೀಟು, ಗಾಜಿನ ಪೆಟ್ಟಿಗೆಗಳ ಊರಿನಲ್ಲಿ ಈ ಒಂದು ಕಟ್ಟಡಕ್ಕೆ ಮಾತ್ರ ಮುಖವಿದೆ ಎಂದು ನನಗನ್ನಿಸುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಅದರ ಲೋಹದ ಜಾಲರಿ ಹಂತಹಂತವಾಗಿ ಬಣ್ಣ ಬದಲಿಸುತ್ತದೆ, ಪಕ್ಕದ ಇಬ್ಬರು ಎತ್ತರದವರು ಬರೀ ಆಕಾಶವನ್ನು ಪ್ರತಿಬಿಂಬಿಸುತ್ತ ನಿಂತಿರುತ್ತಾರೆ.

ಜಿನ್‌ಮಾವೋದ 88ನೇ ಅಂತಸ್ತಿನ ವೀಕ್ಷಣಾಲಯ 340 ಮೀಟರ್ ಮೇಲಿದೆ. ಹೊರಗಿನ ನೋಟ ಚೆನ್ನಾಗಿಯೇ ಇದೆ. ಆದರೆ ನಾನು ಅಲ್ಲಿಗೆ ಕಳಿಸುವುದು ಒಳಗಿನ ನೋಟಕ್ಕೆ. ಕಟ್ಟಡದ ಮೇಲ್ಭಾಗದಲ್ಲೊಂದು ಹೋಟೆಲ್ ಇದೆ. 56ನೇ ಅಂತಸ್ತಿನಿಂದ ಮೇಲಕ್ಕೆ ಅದರ ನಡುಮಧ್ಯ ಪೂರ್ತಿ ಟೊಳ್ಳು, ಸುಮಾರು 115 ಮೀಟರ್ ಎತ್ತರದ ಬಾವಿ. ಸುತ್ತ ಬಳೆಯ ಮೇಲೆ ಬಳೆ ಇಟ್ಟಂತೆ ಹಳದಿ ದೀಪದ ಓಣಿಗಳು. ವೀಕ್ಷಣಾಲಯದ ನಡುವಿನ ಕಿಟಕಿಗೆ ಹಣೆ ಒತ್ತಿ ಕೆಳಗೆ ಇಣುಕಿದರೆ ಅದೆಲ್ಲ ಕಾಣುತ್ತದೆ. ನಾನು ನೋಡುತ್ತಿದ್ದಾಗ ಎಲ್ಲೋ ಕೆಳಗಿನ ಓಣಿಯಲ್ಲಿ ಹೋಟೆಲಿನ ಹೆಂಗಸೊಬ್ಬರು ಬಿಳಿ ಟವೆಲ್ ತುಂಬಿದ ಗಾಡಿ ತಳ್ಳಿಕೊಂಡು ಹೊರಟಿದ್ದರು. ಒಂದು ಬಾಗಿಲ ಮುಂದೆ ನಿಂತರು, ಒಳಗೆ ಹೋದರು, ಬಂದರು, ಮುಂದಿನ ಬಾಗಿಲು. ಅರ್ಧ ವೃತ್ತ ಮುಗಿಸುವವರೆಗೂ ನೋಡುತ್ತ ನಿಂತೆ. ನನ್ನ ಪಕ್ಕದಲ್ಲಿದ್ದ ಇಬ್ಬರು ಮುದುಕಿಯರೂ ಊರನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು. ಎತ್ತರ ಎಷ್ಟೆಂದು ಅಳೆಯಲು ಕಣ್ಣಿಗೆ ಒಬ್ಬ ಮನುಷ್ಯ ಬೇಕು. ಹೊರಗಿನ ಮುನ್ನೂರು ಚಿಲ್ಲರೆ ಮೀಟರ್ ನನಗೆ ಅಂಕಿಯಾಗಿಯೇ ಉಳಿಯಿತು, ಒಳಗಿನ ನೂರು ಮೀಟರ್ ಮಂಡಿಯಲ್ಲಿ ನಡುಕ ತಂದಿತು. ಧೈರ್ಯ ಸಾಲದಿದ್ದರೆ ಇಷ್ಟು ಸಾಕು. ಹೆಚ್ಚಿದ್ದರೆ ಕಟ್ಟಡದ ಹೊರಮೈಗೆ ಅದೇ ಎತ್ತರದಲ್ಲಿ ಗಾಜಿನ ಓಣಿ ಹಾಕಿದ್ದಾರೆ, 2016ರಿಂದ. ಕಟಕಟೆ ಇಲ್ಲ, ಸೊಂಟಕ್ಕೆ ಕಟ್ಟಿದ ಬೆಲ್ಟು ಹಗ್ಗವೇ ದಿಕ್ಕು. ನಾನು ಅತ್ತ ಸುಳಿಯಲಿಲ್ಲ.

ಎರಡನೆಯದು ಶಾಂಘೈ ವರ್ಲ್ಡ್ ಫೈನಾನ್ಶಿಯಲ್ ಸೆಂಟರ್, 492 ಮೀಟರ್, 101 ಅಂತಸ್ತು. ಇದರ ಎತ್ತರಕ್ಕಿಂತ ಇದು ಎದ್ದ ಕಥೆ ದೊಡ್ಡದು. ಜಪಾನಿನ ಮೋರಿ ಬಿಲ್ಡಿಂಗ್ ಸಂಸ್ಥೆ 1997ರಲ್ಲಿ ಅಡಿಗಲ್ಲು ಹಾಕಿತು, ಪೈಲ್‌ಗಳು ನೆಲಕ್ಕಿಳಿದವು, ಅಷ್ಟರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂದು ಕೆಲಸ ನಿಂತಿತು. 2003ರಲ್ಲಿ ಮತ್ತೆ ಕೈಹಾಕುವಾಗ ಕಟ್ಟಡವನ್ನು ಮೊದಲಿನ 460 ಮೀಟರಿಗಿಂತ ಇನ್ನೂ ಎತ್ತರ ಮಾಡುವ ಆಸೆ. ಆದರೆ ಪೈಲ್‌ಗಳನ್ನು ಲೆಕ್ಕ ಹಾಕಿದ್ದು ಚಿಕ್ಕ ಕಟ್ಟಡಕ್ಕೆ, ಅವು ಆಗಲೇ ಕೆಸರಿನೊಳಗಿವೆ. ರಚನೆಯ ಹೊಣೆ ಹೊತ್ತ ಎಂಜಿನಿಯರ್ ಲೆಸ್ಲಿ ರಾಬರ್ಟ್‌ಸನ್, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ರಚನೆ ಮಾಡಿದವರೇ, ಕಂಡುಕೊಂಡ ದಾರಿ ಕಟ್ಟಡದ ತೂಕ ಇಳಿಸುವುದು. ಗೋಡೆ ತೆಳುವಾಯಿತು, ಗಾಳಿಯ ನೂಕನ್ನು ಹೊರಮೈಯ ಓರೆ ತೊಲೆಗಳು ಹೊತ್ತುಕೊಂಡವು. ಹಳೆಯ ಅಡಿಪಾಯದ ಮೇಲೆಯೇ ಹೊಸ, ಎತ್ತರದ ಕಟ್ಟಡ ಕೂತಿತು. ಹಳೇ ಪಾಯದ ಮೇಲೆ ಎರಡನೇ ಅಂತಸ್ತು ಏರಿಸಬಹುದೇ ಎಂದು ಎಂಜಿನಿಯರನ್ನು ಕೇಳಿ ಬೈಸಿಕೊಂಡ ಮನೆಮಾಲೀಕರು ಇದನ್ನು ಓದಿ ಸಮಾಧಾನ ಪಡಬಹುದು.

ಮೇಲಿನ ದೊಡ್ಡ ಕಿಂಡಿಯ ಜಗಳ ಬೇರೆಯೇ. ಅಮೆರಿಕದ ಕೆಪಿಎಫ್ ವಾಸ್ತುಶಿಲ್ಪಿಗಳು ಮೊದಲು ಅಲ್ಲಿ ದುಂಡನೆಯ ತೂತು ಇಟ್ಟಿದ್ದರು, ಚೀನೀ ತೋಟಗಳ ಚಂದ್ರದ್ವಾರದ ಹಾಗೆ ಎಂಬುದು ಅವರ ಮಾತು. ಶಾಂಘೈ ಜನರಿಗೆ ಅದರಲ್ಲಿ ಕಂಡದ್ದು ಜಪಾನಿನ ಧ್ವಜದ ಸೂರ್ಯ. 1937ರಿಂದ ಜಪಾನೀ ಸೈನ್ಯದ ಬೂಟಿನಡಿ ನರಳಿದ ಊರಿನಲ್ಲಿ, ಜಪಾನೀ ದುಡ್ಡಿನಲ್ಲಿ, ಊರಿಗೆಲ್ಲ ಕಾಣುವ ಎತ್ತರದಲ್ಲಿ ಆ ಸೂರ್ಯ! ವಿರೋಧ ಎದ್ದು ತೂತು ನಾಲ್ಕು ಮೂಲೆಯದಾಯಿತು. ಕಟ್ಟಲೂ ಅದೇ ಸುಲಭ, ಅಗ್ಗ ಎಂದು ಕಟ್ಟಿದವರೂ ಒಪ್ಪಿಕೊಂಡರು. ಫಲವಾಗಿ 2008ರಲ್ಲಿ ಬಾಗಿಲು ತೆರೆದಾಗ ಕಟ್ಟಡಕ್ಕೆ ಬಾಟಲಿ ಓಪನರ್ ಎಂಬ ಅಡ್ಡಹೆಸರು ಬಿತ್ತು. ಮೂರನೆಯದೂ ಬಂದಮೇಲೆ ಜನ ಜಿನ್‌ಮಾವೋವನ್ನು ಸಿರಿಂಜ್, ಶಾಂಘೈ ಟವರನ್ನು ಮೊಟ್ಟೆ ಕಡೆಯುವ ಸಲಕರಣೆ ಎಂದು ಕರೆದು ಅಡುಗೆಮನೆಯ ಸೆಟ್ ಪೂರ್ತಿ ಮಾಡಿಕೊಂಡರು. ಕಿಂಡಿಯ ಮೇಲಿನ ಪಟ್ಟಿಯೇ 100ನೇ ಅಂತಸ್ತಿನ ವೀಕ್ಷಣಾಲಯ, 474 ಮೀಟರ್. ಕಾಲಡಿಯ ಗಾಜಿನ ಫಲಕಗಳಲ್ಲಿ ಕೆಳಗಿನ ರಸ್ತೆ ಕಾಣುತ್ತದೆ, ಜಿನ್‌ಮಾವೋದ ತುದಿ ನಿಮಗಿಂತ ಕೆಳಗಿರುತ್ತದೆ. ಎರಡು ಕಡೆ ಹತ್ತುವ ದುಡ್ಡು, ಪುರುಸೊತ್ತು ಇದ್ದವರಿಗೆ ಎರಡನೆಯದಾಗಿ ಇದನ್ನು ಹೇಳುತ್ತೇನೆ.

ಶಾಂಘೈ ಟವರ್ ಅರ್ಥವಾಗಬೇಕಾದರೆ ಗಾಳಿಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಇಷ್ಟು ಎತ್ತರದ ಕಟ್ಟಡಕ್ಕೆ ಗಾಳಿಯ ನೇರ ತಳ್ಳಾಟ ದೊಡ್ಡ ತೊಂದರೆಯಲ್ಲ. ಗಾಳಿ ಕಟ್ಟಡವನ್ನು ಬಳಸಿ ಹೋಗುವಾಗ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ಆ ಸುಳಿಗಳ ತಾಳ ಕಟ್ಟಡದ ಸ್ವಂತ ತೂಗಾಟದ ತಾಳಕ್ಕೆ ಕೂಡಿಬಿಟ್ಟರೆ ಪ್ರತಿ ಸುಳಿಯೂ ಅದನ್ನು ಇನ್ನಷ್ಟು ಜೀಕುತ್ತದೆ. ಬೀಳುವುದಿಲ್ಲ, ಆದರೆ ಮೇಲಿನ ಅಂತಸ್ತಿನಲ್ಲಿ ಕೂತವರಿಗೆ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಗೆನ್ಸ್‌ಲರ್ ಸಂಸ್ಥೆಯ ವಾಸ್ತುಶಿಲ್ಪಿಗಳು ಕಟ್ಟಡವನ್ನೇ ತಿರುಚಿದರು. ಬುಡದಿಂದ ತುದಿಗೆ 120 ಡಿಗ್ರಿ ತಿರುವು, ಮೇಲೆ ಹೋದಂತೆ ಸಪೂರ, ಮೈಯುದ್ದಕ್ಕೂ ಸೀಳಿದಂತೆ ಒಂದು ಕಚ್ಚು. ಒಂದೊಂದು ಎತ್ತರದಲ್ಲಿ ಗಾಳಿಗೆ ಒಂದೊಂದು ಆಕಾರ ಎದುರಾಗುವುದರಿಂದ ಸುಳಿಗಳಿಗೆ ತಾಳ ಕೂಡುವುದೇ ಇಲ್ಲ. ವಿಂಡ್ ಟನಲ್ ಪರೀಕ್ಷೆಗಳ ಪ್ರಕಾರ ಗಾಳಿಯ ಹೊರೆ ಶೇ 24ರಷ್ಟು ಇಳಿಯಿತು, ಅದರಿಂದ ಉಕ್ಕೂ ಉಳಿಯಿತು. ನೋಡಿದವರು ಸೊಬಗಿಗಾಗಿ ತಿರುಚಿದ್ದಾರೆ ಎಂದುಕೊಳ್ಳುತ್ತಾರೆ. ಸೊಬಗು ಲೆಕ್ಕದ ಜೊತೆಗೆ ಬಂದದ್ದು.

ಉಳಿದ ತೂಗಾಟಕ್ಕೆ ಮದ್ದು 125ನೇ ಅಂತಸ್ತಿನಲ್ಲಿದೆ. ಅಲ್ಲಿ ಉಕ್ಕಿನ ಹಗ್ಗಗಳಿಂದ 1,000 ಟನ್ ತೂಕದ ಲೋಲಕವೊಂದನ್ನು ನೇತುಹಾಕಿದ್ದಾರೆ. ಕಟ್ಟಡ ಒಂದು ಕಡೆ ವಾಲಿದಾಗ ಈ ಭಾರ ತಡವಾಗಿ ಹಿಂಬಾಲಿಸುತ್ತ ಅದನ್ನು ಇನ್ನೊಂದು ಕಡೆ ಎಳೆಯುತ್ತದೆ. ಕೆಳಗಿನ ಆಯಸ್ಕಾಂತಗಳೂ ತಾಮ್ರದ ಫಲಕವೂ ಸೇರಿ ಆ ಚಲನೆಯನ್ನು ಬಿಸಿಯಾಗಿ ಮಾರ್ಪಡಿಸಿ ಕರಗಿಸುತ್ತವೆ. 2024ರ ಸೆಪ್ಟೆಂಬರಿನಲ್ಲಿ ಬೆಬಿಂಕಾ ಚಂಡಮಾರುತ ಶಾಂಘೈಗೆ ಅಪ್ಪಳಿಸಿತಲ್ಲ, 1949ರ ಈಚೆಗೆ ಆ ನಗರದ ಮೇಲೆ ನೇರವಾಗಿ ಎರಗಿದ ಅತಿ ಬಲವಾದ ಗಾಳಿ ಅದು. ಅಂಥ ದಿನಗಳಿಗೆಂದೇ ಇರುವ ಯಂತ್ರ ಇದು. ಜನ ನೋಡಲೆಂದು ಇದನ್ನು ಶಿಲ್ಪದಂತೆ ಅಲಂಕರಿಸಿದ್ದಾರೆ, ಟಿಕೆಟ್ ಬೇರೆ.

ಇಷ್ಟೆಲ್ಲ ಹೊಗಳಿಯೂ ಹತ್ತಬೇಡಿ ಎನ್ನುವುದೇಕೆ? ನನ್ನ ಅಕ್ಕನ ಮಗ ಪುಡಾಂಗಿನ ಜಾಂಗ್‌ಜಿಯಾಂಗ್ ಹೈಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ಬೆಂಗಳೂರಿನಿಂದ ಹೋದ ಹುಡುಗರು ಆ ಕಡೆ ಅಲ್ಲೊಬ್ಬ ಇಲ್ಲೊಬ್ಬ ಸಿಗುತ್ತಾರೆ. ಶಾಂಘೈ ಟವರಿನ ಬಾಗಿಲ ತನಕ ಕರೆದುಕೊಂಡು ಬಂದ ಅವನು ಅಲ್ಲೇ ನಿಂತ. “ನೀವು ಹೋಗಿ ಬನ್ನಿ ಮಾವ, ನಾನು ಇಲ್ಲೇ ಕಾಫಿ ಕುಡೀತಿರ್ತೀನಿ.”

“ಯಾಕೋ, ನೀನು ಬರಲ್ವಾ?”

“ಊರಿಂದ ಬಂದೋರ್ನೆಲ್ಲ ಕರ್ಕೊಂಡು ಹತ್ತಿ ಹತ್ತಿ ಸಾಕಾಗಿದೆ. ಮೇಲ್ಗಡೆ ಏನಿದೆ ಮಾವ? ಗೂಗಲ್ ಮ್ಯಾಪು. ಅದೂ ಚೀನಾದಲ್ಲಿ ನಡೆಯಲ್ಲ, ಅದಕ್ಕೇ ದುಡ್ಡು ಕೊಟ್ಟು ನೋಡಬೇಕು.”

ಬೇಸರದ ಮಾತಾದರೂ ಸುಳ್ಳಲ್ಲ. ಗಂಟೆಗೆ 60 ಕಿ.ಮೀ. ಮೀರಿ ಏರುವ ಲಿಫ್ಟು ಒಂದು ನಿಮಿಷ ತುಂಬುವ ಮೊದಲೇ 118ನೇ ಅಂತಸ್ತಿಗೆ ತಂದುಬಿಡುತ್ತದೆ. ಕಿವಿ ಗವ್ವೆಂದು ಮುಚ್ಚಿ, ಎಂಜಲು ನುಂಗಿದ ಮೇಲೆ ತೆರೆದುಕೊಳ್ಳುತ್ತದೆ. ಹೊರಗೆ ನೋಡಿದರೆ 546 ಮೀಟರ್ ಕೆಳಗೆ ಊರು ಚಪ್ಪಟೆಯಾಗಿ ಬಿದ್ದಿದೆ. ಜಿನ್‌ಮಾವೋದ ಹಂತಗಳಿಲ್ಲ, ಓರಿಯೆಂಟಲ್ ಪರ್ಲಿನ ಠೀವಿಯಿಲ್ಲ, ಬಂಡ್ ಒಂದು ಗೆರೆ. ಎಲ್ಲದರ ನೆತ್ತಿ ಮಾತ್ರ. ಊರಿನ ಅತಿ ಎತ್ತರದ ಕಟ್ಟಡವೋ, ನೀವು ನಿಂತಿರುವುದೇ ಅದರೊಳಗೆ, ಕಾಣುವುದಿಲ್ಲ. ಗಾಜಿನ ಎರಡು ಚರ್ಮಗಳ ನಡುವೆ ಉದ್ಯಾನಗಳಿರುವುದು ಈ ಕಟ್ಟಡದ ನಿಜವಾದ ಹೊಸತನ. ಒಳಗೆ ಒಂದರ ಮೇಲೊಂದು ಒಂಬತ್ತು ಗುಂಡು ಕಟ್ಟಡಗಳು, ಅವುಗಳ ಸುತ್ತ ತಿರುಚಿದ ಗಾಜಿನ ಹೊದಿಕೆ, ನಡುವೆ ಹತ್ತಾರು ಅಂತಸ್ತು ಎತ್ತರದ ಖಾಲಿ ಅವಕಾಶ. ವೀಕ್ಷಣಾಲಯಕ್ಕೆ ನೇರ ಏರಿದ ಪ್ರವಾಸಿಗೆ ಇದ್ಯಾವುದೂ ಕಣ್ಣಿಗೆ ಬೀಳದು. 52ನೇ ಅಂತಸ್ತಿನಲ್ಲಿ, 239 ಮೀಟರ್ ಎತ್ತರದಲ್ಲಿ, 2019ರಿಂದ ಡುವೊಯುನ್ ಎಂಬ ಪುಸ್ತಕದಂಗಡಿ ಇದೆ. ಮುಂಚಿತವಾಗಿ ಹೆಸರು ಹಚ್ಚಿ ಅಲ್ಲಿಗೆ ಹೋದರೆ ಆ ಎರಡು ಚರ್ಮಗಳ ನಡುವೆ ಬೆಳಕು ಹೇಗೆ ಇಳಿಯುತ್ತದೆಂದು ಗೊತ್ತಾಗುತ್ತದೆ. ಈ ಕಟ್ಟಡದೊಳಗೆ ಹೋಗಲೇಬೇಕೆನ್ನುವವರಿಗೆ ನಾನು ತೋರಿಸುವ ದಾರಿ ಇದು.

ಆ ಖಾಲಿ ಅವಕಾಶವೇ ಕಟ್ಟಡದ ಲೆಕ್ಕಪತ್ರಕ್ಕೆ ತಲೆನೋವೂ ಆಯಿತು. ಸುತ್ತಲಿನ ಬಹಳಷ್ಟು ಜಾಗ ಬಾಡಿಗೆಗೆ ಬಾರದ್ದು. ಹಾಗಾಗಿ ಮುಗಿದ ಮೇಲೂ ಕೆಲವು ವರ್ಷ ಅನೇಕ ಅಂತಸ್ತುಗಳು ಖಾಲಿ ಉಳಿದವು, ನಿಧಾನಕ್ಕೆ ತುಂಬಿದವು. ಚೀನಾದ ಬೇರೆ ಊರುಗಳಲ್ಲೂ ಇದೇ ಪಾಡು. ಕೊನೆಗೆ 2021ರ ಜುಲೈನಲ್ಲಿ ಅಲ್ಲಿನ ರಾಷ್ಟ್ರೀಯ ಅಭಿವೃದ್ಧಿ ಮತ್ತು ಸುಧಾರಣಾ ಆಯೋಗ 500 ಮೀಟರ್ ಮೀರಿದ ಹೊಸ ಕಟ್ಟಡ ಬೇಡವೇ ಬೇಡ ಎಂದು ಕಟ್ಟುನಿಟ್ಟು ಮಾಡಿತು. ಲುಜಿಯಾಜುಯಿಯ ಮೂವರನ್ನು ನೋಡುವಾಗ ಇದು ಮನಸ್ಸಿನಲ್ಲಿರಲಿ. ಎತ್ತರದ ಹುಚ್ಚು ಹತ್ತಿದ ದೇಶವೇ ಆ ಹುಚ್ಚು ಇಳಿಸಿಕೊಂಡು, ಇಷ್ಟು ಸಾಕು ಎಂದ ಗೆರೆ ಇಲ್ಲಿ ಬಿದ್ದಿದೆ. ಸ್ಕೈಡೆಕ್ ಕಟ್ಟಲು ಹೊರಟ ನಮ್ಮವರು ಶಾಂಘೈ ಫೋಟೊ ಹಿಡಿದು ವಾದಿಸುವಾಗ ಈ ಆದೇಶದ ಪ್ರತಿಯನ್ನೂ ಜೊತೆಗಿಟ್ಟುಕೊಂಡರೆ ಒಳ್ಳೆಯದು.

ಹೋದವರು ತಪ್ಪಿಸಿಕೊಳ್ಳುವ ಇನ್ನೊಂದು ಜಾಗವಿದೆ. ಮೂರು ಗೋಪುರಗಳ ಮುಂದೆ 1997ರಲ್ಲಿ ಆದ ದೊಡ್ಡ ಹಸಿರು ಉದ್ಯಾನ, ಅದರ ಅಂಚಿನಲ್ಲಿ ಒಂದು ಹಳೆಯ ಮನೆ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಚೆನ್ ಗುಯಿಚುನ್ ಎಂಬ ಸ್ಥಳೀಯ ವ್ಯಾಪಾರಿ ಕಟ್ಟಿಸಿದ್ದು. ಉದ್ಯಾನಕ್ಕೆಂದು ಸುತ್ತಲಿನ ಮನೆಗಳನ್ನೆಲ್ಲ ಕೆಡವಿ ಸಾವಿರಾರು ಸಂಸಾರಗಳನ್ನು ಬೇರೆಡೆಗೆ ಸಾಗಿಸಿದಾಗ ಉಳಿದದ್ದು ಇದೊಂದು. ಈಗ ಚಿತ್ರಕಾರ ವು ಚಾಂಗ್‌ಶುವೋ ಅವರ ಸ್ಮಾರಕ. ಅಂಗಳ, ಕೆತ್ತನೆಯ ಮರದ ಬಾಗಿಲು, ಆದರೆ ನೆಲಕ್ಕೆ ವಿಲಾಯತಿ ಮಾದರಿಯ ಬಣ್ಣದ ಟೈಲು. ಮಂಗಳೂರು ಕಡೆಯ ಹಳೇ ಸಾಹುಕಾರರ ಮನೆಗಳನ್ನು ಕಂಡವರಿಗೆ ಈ ಬೆರಕೆ ಅಪರಿಚಿತವಲ್ಲ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಹೆಂಚಿನ ಅಂಚಿನ ಮೇಲಿನಿಂದ ಗೋಪುರಗಳು ಇಣುಕುತ್ತವೆ. ಪುಡಾಂಗ್ ಖಾಲಿ ಜೌಗಾಗಿತ್ತು, ಮೂವತ್ತು ವರ್ಷದಲ್ಲಿ ಏಕಾಏಕಿ ಊರಾಯಿತು ಎಂಬ ಸರ್ಕಾರಿ ಕಥೆಯನ್ನು ಇಲ್ಲಿ ನಿಂತು ಕೇಳಿದರೆ ಅಷ್ಟು ಸುಲಭಕ್ಕೆ ಒಪ್ಪಲಾಗುವುದಿಲ್ಲ. ಇಲ್ಲಿ ಜನರಿದ್ದರು, ಸ್ಥಿತಿವಂತರೂ ಇದ್ದರು.

ಕೊನೆಗೆ ಪತ್ರ ಬರೆದವರು ಕೇಳಿದ್ದಕ್ಕೆ ನೇರವಾಗಿ. ಮಧ್ಯಾಹ್ನ ಎರಡನೇ ಲೈನಿನ ಮೆಟ್ರೊದಲ್ಲಿ ಲುಜಿಯಾಜುಯಿಗೆ ಇಳಿದು, ಚೆನ್ ಮನೆ ನೋಡಿ, ಉದ್ಯಾನದ ಹುಲ್ಲಿನಲ್ಲಿ ಕೂತು ಮೂರೂ ಗೋಪುರಗಳನ್ನು ಸಾವಕಾಶ ನೋಡಿ. ಸೂರ್ಯ ಮುಳುಗಲು ಒಂದು ಗಂಟೆ ಇದ್ದಾಗ ಜಿನ್‌ಮಾವೋ ಹತ್ತಿ. ಟಿಕೆಟ್ ಇತ್ತೀಚಿನ ವರ್ಷಗಳಲ್ಲಿ 120 ಯುವಾನ್ ಆಸುಪಾಸು, ಶಾಂಘೈ ಟವರಿಗೆ 180ರ ಸುಮಾರು, ಅಂದರೆ ನಮ್ಮ ಎರಡು ಸಾವಿರ ರೂಪಾಯಿಯ ಮೇಲೆ. ಇಳಿದ ಮೇಲೆ ಎರಡು ಯುವಾನಿನ ದೋಣಿ ಹಿಡಿದು ಆಚೆ ದಂಡೆಗೆ ದಾಟಿ. ನದಿಯಡಿಯ ಬೆಳಕಿನ ಸುರಂಗ, ಪ್ರವಾಸಿ ಹಡಗು ಇತ್ಯಾದಿ ಆಮಿಷಗಳಿಗೆ ಬೀಳಬೇಡಿ, ಆಫೀಸು ಬಿಟ್ಟ ಜನ ಸ್ಕೂಟರ್ ತಳ್ಳಿಕೊಂಡು ಹತ್ತುವ ಈ ದೋಣಿಯಲ್ಲಿ ಕಾಣುವ ಸಾಲು ಅದೇ. ಬಂಡ್ ಮೇಲೆ ನಿಂತು ನೋಡುವವರು ರಾತ್ರಿ ಹತ್ತರವರೆಗೆ ಕಾಯಬೇಡಿ, ಅಷ್ಟೊತ್ತಿಗೆ ಅಲಂಕಾರದ ದೀಪಗಳನ್ನು ಆರಿಸತೊಡಗುತ್ತಾರೆ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಮೊಬೈಲಿನಲ್ಲಿ ಅಲಿಪೇ ಎಂಬ ಪಾವತಿ ಆ್ಯಪನ್ನು ಊರು ಬಿಡುವ ಮೊದಲೇ ಹಾಕಿಸಿಕೊಂಡಿರಿ, ನೋಟು ನೋಡಿ ಮುಖ ಸಿಂಡರಿಸುವ ಅಂಗಡಿಗಳುಂಟು. ಜೂನ್ ನಡುವಿನಿಂದ ಜುಲೈ ಮೊದಲ ಭಾಗದವರೆಗೆ ಜಿಟಿಜಿಟಿ ಮಳೆಗಾಲ, ಗೋಪುರಗಳ ಮೇಲರ್ಧ ಮೋಡದೊಳಗೆ. ಆದ್ದರಿಂದ ಟಿಕೆಟನ್ನು ವಾರ ಮೊದಲೇ ಕೊಳ್ಳದೆ ಅವತ್ತಿನ ಆಕಾಶ ನೋಡಿ ಕೊಳ್ಳಿ. ಶಾಂಘೈ ಟವರಿನ ತುದಿ ಕೆಳಗಿನಿಂದ ಕಾಣದ ದಿನ ಅದರ ತುದಿಯಿಂದ ನೆಲವೂ ಕಾಣುವುದಿಲ್ಲ. ಜಿನ್‌ಮಾವೋದ ಒಳಬಾವಿಗೆ ಮಾತ್ರ ಮೋಡದ ಕಾಟವಿಲ್ಲ.